ಹಾಲಿನ ಗಂಟು ಎಂದರು

ನನಗೆ ಎದೆಯ ಕ್ಯಾನ್ಸರ್ ಇದೆ ಎಂದು ಗೊತ್ತಾದಾಗ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ಗಂಟು ಕೈಗೆ ಹತ್ತಿದ್ದು ಅವಳಿಗೆ ಇನ್ನೂ ಮೂರು ತಿಂಗಳಿದ್ದಾಗ. ನಡುವಿನ ಆರು ತಿಂಗಳು ನಾನು ಸುಮ್ಮನೆ ಕೂತಿರಲಿಲ್ಲ. ಡಾಕ್ಟರ ಹತ್ತಿರ ಹೋದೆ, ಸ್ಕ್ಯಾನ್ ಮಾಡಿಸಿದೆ, ಬರೆದುಕೊಟ್ಟ ಗುಳಿಗೆ ತಪ್ಪದೆ ನುಂಗಿದೆ, ಮತ್ತೆ ಬಾ ಎಂದಾಗ ಮತ್ತೆ ಹೋದೆ. ಹೋದಲ್ಲೆಲ್ಲ ಒಂದೇ ಮಾತು: ಹಾಲಿನ ಗಂಟು, ತಾನೇ ಕರಗುತ್ತದೆ. ಈ ಕಾಯಿಲೆಗೆ ತಡವಾಗಿ ಬರುವ ಹೆಣ್ಣುಮಕ್ಕಳ ಮಾತು ಬಂದಾಗ ಅವರ ನಾಚಿಕೆ, ಅವರ ತಿಳಿಗೇಡಿತನ, ಅವರ ಉದಾಸೀನ ಎಂದು ಹೇಳುವುದು ರೂಢಿ. ಅದೂ ಇದ್ದೀತು. ನನಗೆ ತಡವಾದದ್ದು ಬೇರೆ ದಾರಿಯಿಂದ. ಅದನ್ನು ನಡೆದದ್ದು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಮ್ಮೂರು ರಾಣೇಬೆನ್ನೂರು. ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಮನೆಯವರು ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. 2018ರ ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ಮಗ ಆಗ ಎರಡನೇ ತರಗತಿಗೆ ಹೋಗುತ್ತಿದ್ದ. ನನಗೆ 33 ವರ್ಷ. ತವರಿನ ಕಡೆ ಯಾರಿಗೂ ಈ ಬೇನೆ ಬಂದದ್ದು ಕೇಳಿರಲಿಲ್ಲ.

ಮಗುವಿಗೆ ಹಾಲು ಕುಡಿಸುವ ಎದೆಯಲ್ಲಿ ಗಂಟು ಸಿಗುವುದು ಹೊಸದೇನಲ್ಲ. ಮಗ ಸಣ್ಣವನಿದ್ದಾಗಲೂ ಹಾಲು ಕಟ್ಟಿತ್ತು. ಆಗ ಎದೆ ಕೆಂಪಾಗಿ, ಮುಟ್ಟಿದರೆ ಜೀವ ಹೋಗುವಷ್ಟು ನೋವಾಗಿ, ಚಳಿಜ್ವರ ಬಂದು, ಎರಡು ಮೂರು ದಿನದಲ್ಲಿ ಇಳಿದಿತ್ತು. ಅದರ ಸ್ವಭಾವ ನನಗೆ ಗೊತ್ತಿತ್ತು. ಈ ಗಂಟು ಹಾಗಿರಲಿಲ್ಲ. ಬಲ ಎದೆಯ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಗೋಟಡಿಕೆಯಷ್ಟು ಗಟ್ಟಿಯಾಗಿ ಕೂತಿತ್ತು. ಮಗು ಕುಡಿದು ಬಿಟ್ಟ ಮೇಲೆ ಎದೆಯೆಲ್ಲ ಮೆತ್ತಗಾದರೂ ಆ ಜಾಗವೊಂದು ಹಾಗೇ ಇರುತ್ತಿತ್ತು. ಕೆಂಪಿಲ್ಲ, ಬಿಸಿಯಿಲ್ಲ, ಜ್ವರವಿಲ್ಲ, ಒತ್ತಿದರೂ ನೋವಿಲ್ಲ.

ಅತ್ತೆ ಎಕ್ಕೆ ಎಲೆಗೆ ಔಡಲ ಎಣ್ಣೆ ಸವರಿ, ಕಾಸಿ ಕಾವು ಕೊಟ್ಟರು. ಅವರು ಐದು ಮಕ್ಕಳನ್ನು ಹೆತ್ತು ಸಾಕಿದವರು. "ಹಾಲ ಗಂಟ ಕಟ್ಟೇತಿ ಯವ್ವಾ, ಕೂಸಿಗೆ ಆ ಕಡೀಲೆ ಜಾಸ್ತಿ ಕುಡಿಸು, ಬಿಟ್ಕೊಂತೈತಿ" ಎಂದರು. ವಾರವಾದರೂ ಬಿಟ್ಟುಕೊಳ್ಳದಿದ್ದಾಗ ಅವರೇ, "ಡಾಕ್ಟರಿಗೆ ತೋರಿಸ್ಕೊಂಡ ಬಾ" ಎಂದು ಕಳಿಸಿದರು. ಇದನ್ನು ಯಾಕೆ ಹೇಳುತ್ತೇನೆಂದರೆ, ನನ್ನ ಕತೆ ಕೇಳಿದವರು ಮೊದಲು ಅತ್ತೆಯ ಮೇಲೆ ಬೆರಳು ಮಾಡುತ್ತಾರೆ. ನಮ್ಮ ಅತ್ತೆ ಒಂದು ದಿನವೂ ನನ್ನನ್ನು ತಡೆದವರಲ್ಲ.

ಹೆರಿಗೆ ಮಾಡಿಸಿದ ಡಾಕ್ಟರಮ್ಮ ಕೈಯಿಂದ ಒತ್ತಿ ನೋಡಿದರು. ಹಾಲಿನ ಗಂಟು ಎಂದು ಹೇಳಿ, ಸೋಂಕು ಆಗದಿರಲೆಂದು ಒಂದು ವಾರದ ಆಂಟಿಬಯಾಟಿಕ್ ಬರೆದರು. ಕರಗಲಿಲ್ಲ. ಎರಡನೆಯ ಸಲ ಹೋದಾಗ ಸ್ಕ್ಯಾನಿಂಗಿಗೆ ಬರೆದರು. ಸ್ಕ್ಯಾನ್ ಮಾಡಿದವರು ತೆರೆಯ ಮೇಲೆ ಎರಡು ಚುಕ್ಕಿ ಇಟ್ಟು ಅಳೆದು, 24 ಮಿಲಿಮೀಟರ್ ಎಂದು ಬರೆದರು. ಕೆಳಗೆ, ಹಾಲು ತುಂಬಿದ ಚೀಲದಂತೆ ಕಾಣುತ್ತದೆ, ಎರಡು ತಿಂಗಳ ನಂತರ ಮತ್ತೆ ನೋಡಿ ಎಂಬ ಒಕ್ಕಣೆ. ಹಾಲುಣಿಸುವ ಎದೆ ಒಳಗೆ ದಟ್ಟವಾಗಿರುವುದರಿಂದ ಸ್ಕ್ಯಾನಿನಲ್ಲಿ ಒಳ್ಳೆಯ ಗಂಟು ಯಾವುದು, ಕೆಟ್ಟ ಗಂಟು ಯಾವುದು ಎಂದು ಬೇರ್ಪಡಿಸುವುದು ಕಷ್ಟವಂತೆ. ಇದನ್ನು ನನಗೆ ಹೇಳಿದವರು ಬೇರೆಯವರು, ಬಹಳ ತಡವಾಗಿ.

ದಸರೆಯ ಹೊತ್ತಿಗೆ ಅದು ಇನ್ನಷ್ಟು ದಪ್ಪಗಾಯಿತು. ಈ ಸಲ ಒಬ್ಬ ಸರ್ಜನ್ ಹತ್ತಿರ ಹೋದೆವು. ಅವರು ಸಿರಿಂಜು ಚುಚ್ಚಿ ಹಾಲು ಎಳೆಯಲು ನೋಡಿದರು. ಹಾಲೂ ಬರಲಿಲ್ಲ, ಕೀವೂ ಬರಲಿಲ್ಲ, ಸೂಜಿಯ ತುದಿಗೆ ಒಂದು ಹನಿ ರಕ್ತ ಹತ್ತಿತು. "ಹಳೇ ಹಾಲು, ಗಟ್ಟಿಯಾಗಿದೆ. ನೋವಿಲ್ಲ ತಾನೇ? ನೋವಿಲ್ಲ ಅಂದರೆ ಹೆದರಬೇಡಿ. ಹಾಲು ಬಿಡಿಸಿದ ಮೇಲೆ ತಾನೇ ಹೋಗುತ್ತೆ" ಎಂದರು. ಸೂಜಿಯಲ್ಲಿದ್ದ ಆ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆಗೆ ಕಳಿಸಿದ್ದರೆ ಅಂದೇ ಏನಾದರೂ ತಿಳಿಯುತ್ತಿತ್ತು. ಅವರು ಹತ್ತಿಯಿಂದ ಒರೆಸಿ ಬುಟ್ಟಿಗೆ ಹಾಕಿದರು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದೆ. ಗಂಟಿನೊಳಗಿಂದ ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕೆಂಬುದು ಹಾಲು ಕುಡಿಸುವ ಒಬ್ಬ ತಾಯಿಗೆ ತಿಳಿದಿರಬೇಕಾದ ಸಂಗತಿಯಲ್ಲ. ಅದು ತಿಳಿದವರು ಎದುರಿಗಿದ್ದರು.

ನಿರಾಳವಾಗಿ ಮನೆಗೆ ಬಂದೆವು. ಮನೆಯವರು ದಾರಿಯಲ್ಲಿ ಮಗನಿಗೆ ಮಿರ್ಚಿ ಕಟ್ಟಿಸಿಕೊಂಡರು. ಆ ನಿರಾಳದ ಮೇಲೆ ನನಗೆ ಈಗಲೂ ಸಿಟ್ಟಿದೆ. ಭಯ ಇದ್ದಿದ್ದರೆ ಮತ್ತೊಂದು ಬಾಗಿಲು ಬಡಿಯುತ್ತಿದ್ದೆವು. ಏನಿಲ್ಲ ಎಂದ ಮಾತು ಎರಡೂವರೆ ತಿಂಗಳು ನಮ್ಮನ್ನು ಮನೆಯಲ್ಲಿ ಕೂರಿಸಿತು.

ಅಷ್ಟರಲ್ಲಿ ಮಗಳು ಬಲಗಡೆ ಕುಡಿಯುವುದನ್ನು ಬಿಟ್ಟಳು. ಬಾಯಿಗಿಟ್ಟರೆ ಮುಖ ತಿರುಗಿಸಿ ಅಳುತ್ತಿದ್ದಳು, ಎಡಗಡೆ ಇಟ್ಟರೆ ಗಟಗಟ ಕುಡಿಯುತ್ತಿದ್ದಳು. ಓಣಿಯ ಹಿರಿಯರೊಬ್ಬರು ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಇದ್ದಕ್ಕಿದ್ದಂತೆ ಮಗು ಒಂದು ಎದೆಯನ್ನು ಒಲ್ಲೆ ಎನ್ನುವುದಕ್ಕೆ ನೂರು ಸಾದಾ ಕಾರಣಗಳಿರುತ್ತವೆ. ಅದೇ ಎದೆಯಲ್ಲಿ ಕರಗದ ಗಂಟೂ ಇದ್ದರೆ ಮಾತ್ರ ಅದನ್ನು ಗಮನಿಸಬೇಕು ಎಂದು ಮುಂದೆ ಹುಬ್ಬಳ್ಳಿಯ ಡಾಕ್ಟರು ಹೇಳಿದರು, ತಮ್ಮ ಕಾಗದದಲ್ಲೂ ಬರೆದುಕೊಂಡರು.

ನನ್ನನ್ನು ಉಳಿಸಿದವರು ನಮ್ಮ ಓಣಿಯ ಅಂಗನವಾಡಿಗೆ ಬರುವ ನರ್ಸಬಾಯಿ. ಒಂಬತ್ತು ತಿಂಗಳ ದಡಾರದ ಲಸಿಕೆಗೆ ಮಗಳನ್ನು ಎತ್ತಿಕೊಂಡು ಹೋಗಿದ್ದೆ. ಚುಚ್ಚಿದ ಮೇಲೆ ಅಳುವ ಕೂಸನ್ನು ಸಮಾಧಾನ ಮಾಡಲು ಗೋಡೆಯ ಕಡೆ ತಿರುಗಿ ಕೂತು ಹಾಲು ಕುಡಿಸುತ್ತಿದ್ದೆ. ಅವರು ತಾಯಿ ಕಾರ್ಡಿನಲ್ಲಿ ತೂಕ ಬರೆಯುತ್ತ ನನ್ನ ಕಡೆ ಎರಡು ಮೂರು ಸಲ ನೋಡಿದರು. ಆಮೇಲೆ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಟೀಚರ್ರ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬಲಕ ಯಾಕ ಕುಡಸವಲ್ರಿ?" ಎಂದು ಕೇಳಿದರು.

ಹೇಳಿದೆ. ಬೇಳೆ, ಬೆಲ್ಲ ಇಡುವ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನನ್ನ ಬಲಗೈ ತಲೆಯ ಮೇಲೆ ಇರಿಸಿಕೊಳ್ಳಲು ಹೇಳಿ, ಮೂರು ಬೆರಳು ಜೋಡಿಸಿ, ಬೆರಳ ತುದಿ ಬಿಟ್ಟು ಮೆತ್ತನೆ ಭಾಗದಿಂದ ಸುತ್ತಲೂ ಒತ್ತಿ ನೋಡಿದರು. ಆಮೇಲೆ ಕೈ ಇಳಿಸಿ ಕಂಕುಳಲ್ಲಿ ಬೆರಳು ಆಳಕ್ಕೆ ಹಾಕಿದರು. ಅಲ್ಲಿಯವರೆಗೆ ನನ್ನ ಕಂಕುಳನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಕೈ ಎರಡೂ ಮೇಲೆತ್ತಿಸಿ ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿದರು. ಗಂಟಿನ ಮೇಲಿನ ಚರ್ಮ ಒಂದು ಕಡೆ ಒಳಕ್ಕೆ ಎಳೆದುಕೊಂಡಿತ್ತು. ಅದನ್ನು ನಾನೇ ಆಗ ಮೊದಲು ನೋಡಿದೆ. "ಇದು ಹಾಲಿಂದಲ್ಲರಿ. ನಾ ಡಾಕ್ಟರಲ್ಲ, ಏನ್ ಅಂತ ಹೇಳಾಕ ಬರಂಗಿಲ್ಲ. ನಾಳೇನ ಹುಬ್ಬಳ್ಳಿಗೆ ಹೋಗ್ರಿ, ಸೂಜಿ ಪರೀಕ್ಷಾ ಮಾಡಿಸದ ಹೊಳ್ಳಿ ಬರಬ್ಯಾಡ್ರಿ" ಎಂದರು. 30 ದಾಟಿದ ಹೆಣ್ಣುಮಕ್ಕಳ ಎದೆ ನೋಡುವುದನ್ನು ಸರ್ಕಾರದ ತರಬೇತಿಯಲ್ಲಿ ತಮಗೆ ಕಲಿಸಿದ್ದಾರೆ ಎಂದರು. ನನ್ನನ್ನು ನೋಡಿದ ಅಷ್ಟೂ ಜನರಲ್ಲಿ ಕಲಿತದ್ದನ್ನು ಕಲಿತ ಹಾಗೆ ಪೂರ್ತಿ ಮಾಡಿದವರು ಅವರೊಬ್ಬರೇ.

ಹುಬ್ಬಳ್ಳಿಯ ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಅದೇ ದಿನ ಮತ್ತೊಂದು ಸ್ಕ್ಯಾನ್, ಮ್ಯಾಮೊಗ್ರಾಂ, ಬಯಾಪ್ಸಿ. ಪರೀಕ್ಷೆಗೆ ಮುಂಚೆ ಹಾಲು ಖಾಲಿ ಮಾಡಿಕೊಂಡು ಬಾ ಎಂದರು, ಹಾಗೆ ಮಾಡಿದರೆ ಒಳಗಿನದು ಸ್ಪಷ್ಟ ಕಾಣುತ್ತದಂತೆ. ಚರ್ಮ ಜೋಮು ಹಿಡಿಸಿ, ದಪ್ಪ ಸೂಜಿಯ ಪಿಸ್ತೂಲಿನಂಥ ಸಾಧನವನ್ನು ಆನಿಸಿದರು. ಪ್ರತಿಸಲ 'ಟಕ್' ಎಂದಾಗ ಒಳಗಿನಿಂದ ಶಾವಿಗೆಯೆಳೆಯಂಥ ಬಿಳಿ ಚೂರೊಂದು ಬಂದು ಬಾಟಲಿಯ ನೀರಿನಂಥ ದ್ರವದಲ್ಲಿ ಮುಳುಗುತ್ತಿತ್ತು. ಚುಚ್ಚಿದ ತೂತಿನಿಂದ ಹಾಲೂ ರಕ್ತವೂ ಕೂಡಿ ಇಳಿದವು. ಹೊರಗೆ ಮಗಳು ಹಸಿದು ಅಳುವುದು ಕೇಳುತ್ತಿತ್ತು. "ನೋವಿಲ್ಲ ಅಂತ ಸುಮ್ಮನಿರಿಸಿದರಾ?" ಎಂದು ಡಾಕ್ಟರು ಕೇಳಿದರು. "ಶುರುವಿನಲ್ಲಿ ಇದಕ್ಕೆ ನೋವೇ ಇರಲ್ಲಮ್ಮಾ."

ವರದಿ ಬಂತು. ಕ್ಯಾನ್ಸರ್. ಟ್ರಿಪಲ್ ನೆಗೆಟಿವ್ ಎಂಬ ಜಾತಿ, ಹಾರ್ಮೋನಿನ ಗುಳಿಗೆಗೆ ಬಗ್ಗದ್ದು, ಬೇಗ ಬೆಳೆಯುವಂಥದ್ದು. ಕಂಕುಳಿನ ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪುಪ್ಪುಸ, ಯಕೃತ್ತು, ಎಲುಬಿಗೆ ಹೋಗಿರಲಿಲ್ಲ. ಮೂರನೆಯ ಹಂತ ಎಂದರು.

ಆ ರಾತ್ರಿ ಮನೆಯವರು ಎರಡು ಸ್ಕ್ಯಾನ್ ವರದಿಗಳನ್ನು ಮಂಚದ ಮೇಲೆ ಅಕ್ಕಪಕ್ಕ ಇಟ್ಟರು. ಒಂದರಲ್ಲಿ 24 ಮಿಲಿಮೀಟರ್, ಇನ್ನೊಂದರಲ್ಲಿ 52. "ಎರಡರಷ್ಟಾಗೇತಿ" ಎಂದರು. ನಾನು ವರ್ಷವರ್ಷವೂ ಹತ್ತನೇ ತರಗತಿಗೆ ಗೋಳದ ಘನಫಲ ಕಲಿಸುವವಳು. ಅಡ್ಡಳತೆ ಎರಡರಷ್ಟಾದರೆ ಗಾತ್ರ ಎಂಟರಷ್ಟಾಗುತ್ತದೆ, ಇದು ಎರಡಕ್ಕಿಂತ ತುಸು ಹೆಚ್ಚೇ ಆಗಿತ್ತು. ಹತ್ತು ಪಟ್ಟು. ಅವರಿಗೆ ಹೇಳಲಿಲ್ಲ. ಮೊದಲ ವರದಿಯಲ್ಲಿ ಕಂಕುಳಿನ ಬಗ್ಗೆ, ಗಂಟುಗಳು ಕಾಣಲಿಲ್ಲ ಎಂದಿತ್ತು. ಆ ಅಳತೆಗೆ ಸೂಜಿ ಹಾಕಿ ನೋಡಿದ್ದರೆ ಬಹುಶಃ ಎರಡನೆಯ ಹಂತ ಎಂದು ಬರೆಯುತ್ತಿದ್ದರು. ನನ್ನ ಹತ್ತಿರ ಆ ಎರಡೂ ಕಾಗದ ಇನ್ನೂ ಇವೆ.

ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಬಿಪಿಎಲ್ ಕಾರ್ಡಿದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖರ್ಚಿನ ಬಹುಪಾಲು ನಡೆಯಿತು. ಯೋಜನೆಯ ಮಿತಿ ಒಂದು ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಇಲ್ಲದಿದ್ದರೆ ಹೊಲ ಹೋಗುತ್ತಿತ್ತು. ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಿ ಆಮೇಲೆ ಆಪರೇಷನ್ ಎಂದು ತೀರ್ಮಾನವಾಯಿತು. ಕೀಮೋ ಮದ್ದು ಹಾಲಿನಲ್ಲಿ ಮಗುವಿಗೆ ಇಳಿಯುತ್ತದೆ, ಹಾಲು ಬಿಡಿಸಿ ಎಂದರು.

ಈ ಇಡೀ ಬೇನೆಯಲ್ಲಿ ನನಗೆ ತಡೆಯಲಾಗದ್ದು ಅದೊಂದೇ. ಕೂದಲು ಹೋದದ್ದಲ್ಲ, ಎದೆ ಹೋದದ್ದೂ ಅಲ್ಲ. ಸಾಮಾನ್ಯವಾಗಿ ಹಾಲು ಬಿಡಿಸುವುದಕ್ಕೆ ತಿಂಗಳು ಹಿಡಿಯುತ್ತದೆ, ಒಂದೊಂದೇ ಹೊತ್ತು ತಪ್ಪಿಸುತ್ತ ಬರುತ್ತಾರೆ. ನಮಗೆ ಒಂದು ರಾತ್ರಿ ಇತ್ತು. ಧರ್ಮಶಾಲೆಯ ಚಾಪೆಯ ಮೇಲೆ ಅವಳಿಗೆ ಕೊನೆಯ ಸಲ ಕುಡಿಸಿದೆ. ಬೆಳಗ್ಗೆ ಹಾಲು ನಿಲ್ಲಿಸುವ ಗುಳಿಗೆ ನುಂಗಿದೆ. ನಮ್ಮವ್ವ ಅವಳನ್ನು ಎತ್ತಿಕೊಂಡು ಊರಿಗೆ ರೈಲು ಹತ್ತಿದಳು. ಗುಳಿಗೆ ಕೆಲಸ ಮಾಡುವ ತನಕ ಎರಡು ದಿನ ರವಿಕೆ ತೊಯ್ಯುತ್ತಲೇ ಇತ್ತು, ಕೀಮೋ ಹತ್ತಿಸಿಕೊಂಡು ಕೂತ ಕುರ್ಚಿಯ ಮೇಲೂ.

ಮೊದಲು ಕೊಡುವುದು ಕೆಂಪು ಮದ್ದು. ಅದನ್ನು ತಡೆಯುವ ಶಕ್ತಿ ಹೃದಯಕ್ಕೆ ಇದೆಯೇ ಎಂದು ಎಕೋ ಮಾಡಿ ನೋಡುತ್ತಾರೆ. ಮೂತ್ರವೂ ಕೆಂಪಗೆ ಹೋಗುತ್ತದೆ; ಗೊತ್ತಿಲ್ಲದವರು ರಕ್ತವೆಂದು ಗಾಬರಿ ಬೀಳುತ್ತಾರೆ, ಪಕ್ಕದ ಕುರ್ಚಿಯವರು ಹೇಳಿ ಸಮಾಧಾನ ಮಾಡುತ್ತಾರೆ. ಮೂರು ವಾರಕ್ಕೊಮ್ಮೆ ಅದು, ಆಮೇಲೆ ವಾರವಾರ ಬೇರೊಂದು ಮದ್ದು. ಬಾಯಿ ಹುಣ್ಣಾಯಿತು, ಅನ್ನ ಸಪ್ಪಗೆ ಮಣ್ಣಿನ ರುಚಿ ಹತ್ತಿತು, ಬೆರಳ ತುದಿಗಳು ಜೋಮು ಹಿಡಿದು ಸೀಮೆಸುಣ್ಣ ಹಿಡಿಯಲು ಬಾರದಾಯಿತು. ಇವನ್ನೆಲ್ಲ ಬಹಳ ಜನ ಬರೆದಿದ್ದಾರೆ. ಗಂಟು ಮಾತ್ರ ನಿಜಕ್ಕೂ ಕರಗುತ್ತ ಬಂತು. ಪ್ರತಿಸಲ ಡಾಕ್ಟರು ಅಳೆಯುವಾಗ ನಾನು ಉಸಿರು ಬಿಗಿಹಿಡಿದು ಅಂಕಿ ಕೇಳುತ್ತಿದ್ದೆ.

ಅಲ್ಲಿ ಪರಿಚಯವಾದವರಲ್ಲಿ ಇಬ್ಬರನ್ನು ಮರೆಯಲಾರೆ. ಒಬ್ಬರು ಕೊಪ್ಪಳದ ಕಡೆಯವರು, ವಯಸ್ಸು ನಲವತ್ತರ ಮೇಲೆ. ಗಂಟು ಕಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, ಸೂಜಿ ಚುಚ್ಚಿಸಿದರೆ ಬೇನೆ ಮೈತುಂಬ ಹಬ್ಬುತ್ತದೆ ಎಂದರಂತೆ. ಆಮೇಲೆ ಒಂದು ವರ್ಷ ನಾಟಿ ಔಷಧಿ. ಗಾಯ ಒಡೆದು ವಾಸನೆ ಬರಲು ಶುರುವಾದ ಮೇಲೆ ಕರೆತಂದರು. ಅಷ್ಟರಲ್ಲಿ ಬೆನ್ನೆಲುಬಿಗೆ ಇಳಿದಿತ್ತು. ಅವರು ನೋವಿನ ಗುಳಿಗೆ ನುಂಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು, ಯಾರ ಮೇಲೂ ಒಂದು ದೂರು ಹೇಳಲಿಲ್ಲ. ನನ್ನ ಕೀಮೋ ಮುಗಿಯುವ ಮುಂಚೆಯೇ ತೀರಿಕೊಂಡರು. ಇನ್ನೊಬ್ಬರು ತುಮಕೂರಿನ ನಿವೃತ್ತ ಗುಮಾಸ್ತೆ. ಸ್ನಾನ ಮಾಡುವಾಗ ಕಡಲೆಯಷ್ಟು ಏನೋ ತಗುಲಿ, ಹದಿನೈದು ದಿನದೊಳಗೆ ಬಯಾಪ್ಸಿಯಾಗಿತ್ತು. ಗಂಟನ್ನಷ್ಟೇ ತೆಗೆದು ಎದೆ ಉಳಿಸಿದರು. ಕೀಮೋ ಬೇಕಾಗಲಿಲ್ಲ, ಕರೆಂಟು ಕೊಟ್ಟು ಗುಳಿಗೆ ಬರೆದು ಕಳಿಸಿದರು. ರೇಡಿಯೇಷನ್ನಿಗೆ ಅಲ್ಲಿ ಎಲ್ಲರೂ ಹೇಳುವುದು ಕರೆಂಟು ಎಂದೇ. ಅವರದ್ದು ನಿಧಾನ ಬೆಳೆಯುವ ಜಾತಿ, ನನ್ನದು ಹಾಗಲ್ಲ, ಹಾಗಾಗಿ ಒಬ್ಬರದನ್ನು ಒಬ್ಬರಿಗೆ ತೂಗುವುದು ಸರಿಯಲ್ಲ ಎಂದು ಗೊತ್ತು. ಆದರೂ ಆ ಬೆಂಚಿನ ಮೇಲೆ ನಡುವೆ ಕೂತಿದ್ದ ನನಗೆ ಎರಡೂ ಕಡೆ ಕಾಣುತ್ತಿತ್ತು.

ಆಪರೇಷನ್ನಿನಲ್ಲಿ ಬಲ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ತೆಗೆದದ್ದನ್ನು ಪರೀಕ್ಷೆ ಮಾಡಿದಾಗ ಒಂದಿಷ್ಟು ಕ್ಯಾನ್ಸರ್ ಇನ್ನೂ ಉಳಿದಿತ್ತು. ಹಾಗಾಗಿ ಕರೆಂಟು ಮುಗಿದ ಮೇಲೆ ಕೆಲವು ತಿಂಗಳು ಕೀಮೋ ಗುಳಿಗೆ, ಅಂಗೈ ಅಂಗಾಲಿನ ಚರ್ಮ ಸುಲಿಯುವಂಥದ್ದು. ಕಂಕುಳಿನ ಗಂಟುಗಳು ಹೋದರೆ ಕೈಯಿಂದ ನೀರು ಮೇಲೇರುವ ದಾರಿ ಮುಚ್ಚುತ್ತದೆ. ವರ್ಷದೊಳಗೆ ಬಲಗೈ ಊದಿತು. ಒಂದು ಸಂಜೆ ಹಸಿರು ಬಳೆಗಳು ಮಣಿಕಟ್ಟಿನಲ್ಲಿ ಹೂತು ಹೋಗಿ ಹೊರಗೆ ಬರಲೊಲ್ಲವು. ಸೋಪು ಹಚ್ಚಿದರೂ ಜಾರಲಿಲ್ಲ. ಅತ್ತೆ ಬಟ್ಟೆ ಸುತ್ತಿ ಒಂದೊಂದನ್ನೇ ಒಡೆದು ತೆಗೆದರು, ಚೂರು ಚುಚ್ಚದಂತೆ ಅಂಗೈ ಅಡ್ಡ ಹಿಡಿದು. ಮುತ್ತೈದೆಯ ಬಳೆ ಒಡೆಯಬೇಕಾಯಿತಲ್ಲ ಎಂದು ಅವರು ಅತ್ತರು. ಆ ಕೈಗೆ ಈಗ ಬಳೆ ಇಲ್ಲ, ಬಿಪಿ ಪಟ್ಟಿ ಇಲ್ಲ, ಸೂಜಿ ಇಲ್ಲ. ಬಿಗಿಯಾದ ತೋಳುಚೀಲ ಹಾಕಿಕೊಂಡೇ ಕರಿಹಲಗೆಯ ಮೇಲೆ ಬರೆಯುತ್ತೇನೆ. ಬೇಗ ಸಿಕ್ಕಿದ್ದರೆ ಕಂಕುಳಿನಲ್ಲಿ ಇಷ್ಟು ತೆಗೆಯಬೇಕಾಗುತ್ತಿರಲಿಲ್ಲವೇನೋ. ತಡವೆಂದರೆ ಬದುಕುವ ಸಾಯುವ ಲೆಕ್ಕ ಮಾತ್ರವಲ್ಲ. ಬದುಕಿದವರ ಮೈಮೇಲೂ ಅದು ಉಳಿಯುತ್ತದೆ.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ಇಷ್ಟ ದಿನ ಏನ್ ಮಾಡಿದ್ರಿ? ಮೊದಲ ಗೊತ್ತಾಗಲಿಲ್ಲೇನು?" ಆ ಮಾತಿಗೆ ಮನೆಯವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಆಸ್ಪತ್ರೆಯ ಕಡತದ ಮೊದಲ ಸಾಲೇ 'ಬಲ ಸ್ತನದಲ್ಲಿ ಗಂಟು, 6 ತಿಂಗಳಿಂದ' ಎಂದಿತ್ತು. ಆ ಆರು ತಿಂಗಳು ಎಲ್ಲಿ ಹೋಯಿತು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಆ ಆರು ತಿಂಗಳು ನನ್ನಿಂದ ಏನು ಕಸಿದವು ಎಂದು ಒಮ್ಮೆ ಡಾಕ್ಟರನ್ನು ನೇರ ಕೇಳಿದೆ. ಒಬ್ಬರ ವಿಷಯದಲ್ಲಿ ಹೀಗೇ ಆಗುತ್ತಿತ್ತು ಎಂದು ಹೇಳಲಾಗದು, ರೋಗದ ಜಾತಿಯೂ ಲೆಕ್ಕಕ್ಕೆ ಬರುತ್ತದೆ ಎಂದರು. ಪ್ರಾಮಾಣಿಕ ಉತ್ತರ, ಒಪ್ಪಿದೆ. ಸಾವಿರಾರು ಜನರನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಸಂಗತಿ ಸ್ಪಷ್ಟವಾಗುತ್ತದೆ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆ 87 ಅಧ್ಯಯನಗಳ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ನೋಡಿತ್ತು. ಲಕ್ಷಣ ಕಂಡು ಚಿಕಿತ್ಸೆ ಶುರುವಾಗಲು ಮೂರು ತಿಂಗಳು ದಾಟಿದವರಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇಕಡಾ 12ರಷ್ಟು ಕಡಿಮೆ ಇತ್ತು. ನಮ್ಮ ದೇಶದ್ದೇ ಲೆಕ್ಕ ಬೇಕೆಂದರೆ, ಐಸಿಎಂಆರ್‌ನ ಕ್ಯಾನ್ಸರ್ ದಾಖಲಾತಿ ಕಾರ್ಯಕ್ರಮದವರು 2012ರಿಂದ 2015ರ ನಡುವೆ ರೋಗ ಪತ್ತೆಯಾದ 17 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಹಿಂಬಾಲಿಸಿ 2024ರಲ್ಲಿ ಪ್ರಕಟಿಸಿದ್ದಾರೆ. ರೋಗ ಎದೆಯಲ್ಲಷ್ಟೇ ಇದ್ದಾಗ ಸಿಕ್ಕವರಲ್ಲಿ ನೂರಕ್ಕೆ 81 ಜನ ಐದು ವರ್ಷ ಬದುಕಿದ್ದರು. ಕಂಕುಳಿನಂಥ ಹತ್ತಿರದ ಗಂಟುಗಳಿಗೆ ದಾಟಿದವರಲ್ಲಿ ಸುಮಾರು 65. ದೂರದ ಅಂಗಗಳಿಗೆ ಹೋದವರಲ್ಲಿ 18. ನಾನು ಮೊದಲ ಗುಂಪಿನಿಂದ ಎರಡನೆಯ ಗುಂಪಿಗೆ ದಾಟಿದ್ದು ಒಂದು ಸ್ಕ್ಯಾನಿಗೂ ಇನ್ನೊಂದು ಸ್ಕ್ಯಾನಿಗೂ ನಡುವೆ. ಕೊಪ್ಪಳದ ಅಕ್ಕ ಮೂರನೆಯ ಗುಂಪು.

ಚಿಕಿತ್ಸೆ ಮುಗಿದ ಮೇಲೆ ಒಂದು ದಿನ ಆ ಎರಡೂ ವರದಿ ಹಿಡಿದುಕೊಂಡು ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಹತ್ತಿರ ಹೋದೆ. ಜಗಳಕ್ಕೆ ಹೋಗಿರಲಿಲ್ಲ. ನನ್ನ ಎರಡು ಮಕ್ಕಳನ್ನು ಕೈಯಲ್ಲಿ ಹಿಡಿದು ಲೋಕಕ್ಕೆ ತಂದವರು ಅವರು. ಓದಿ, ಬಹಳ ಹೊತ್ತು ಮಾತಾಡಲಿಲ್ಲ. "ಹಾಲುಣಿಸೋ ವಯಸ್ಸಲ್ಲಿ ಇದು ತುಂಬಾ ಅಪರೂಪ ಕಣಮ್ಮಾ" ಎಂದರು. ಅಪರೂಪ ಎಂಬುದು ನಿಜ. ಬಸುರಿ ಬಾಣಂತಿಯರಲ್ಲಿ ಸಾವಿರಾರು ಜನರಿಗೆ ಒಬ್ಬರಿಗೆ ಬರುವಂಥದ್ದು. "ಅಪರೂಪ ಅಂತ ಗೊತ್ತಾಗೋದಕ್ಕೂ ಸೂಜಿ ಹಾಕಿ ನೋಡಬೇಕಲ್ರಿ ಮೇಡಂ" ಎಂದೆ. ಅವರು ತಲೆಯಾಡಿಸಿದರು. ಈಗ ಅಲ್ಲಿ ಕರಗದ ಗಂಟು ಕಂಡರೆ ಹುಬ್ಬಳ್ಳಿಗೆ ಬರೆದುಕೊಡುತ್ತಾರೆ ಎಂದು ಕೇಳಿದ್ದೇನೆ, ಅದಕ್ಕೆ ಅವರನ್ನು ಗೌರವಿಸುತ್ತೇನೆ.

ಈ ಗಂಟುಗಳಿಗೆ ವೈದ್ಯರದ್ದೇ ಒಂದು ಕಟ್ಟಳೆ ಇದೆ, ನಾನು ಕಂಡುಹಿಡಿದದ್ದಲ್ಲ. ಕೈಯಿಂದ ಪರೀಕ್ಷೆ, ಸ್ಕ್ಯಾನ್ ಅಥವಾ ಮ್ಯಾಮೊಗ್ರಾಂ, ಸೂಜಿಯಿಂದ ಚೂರು ತೆಗೆದು ನೋಡುವುದು. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬೇಕು. ನನಗೆ ಮೊದಲೆರಡು ಆದವು, ಮೂರನೆಯದರ ಬದಲು ಒಂದು ಧೈರ್ಯದ ಮಾತು ಸಿಕ್ಕಿತು. ಬಾಣಂತಿಗೂ ಬಯಾಪ್ಸಿ ಮಾಡಬಹುದು, ಹಾಲು ಕುಡಿಸುವುದನ್ನು ಅದಕ್ಕಾಗಿ ನಿಲ್ಲಿಸಬೇಕಿಲ್ಲ. ಸೂಜಿಯಿಂದ ರೋಗ ಹಬ್ಬುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಆ ಹೆದರಿಕೆ ಎಷ್ಟು ಜನರನ್ನು ತಿಂದಿದೆಯೋ, ಕಿದ್ವಾಯಿಯ ಬೆಂಚುಗಳ ಮೇಲೆ ಕೂತವರಿಗೆ ಗೊತ್ತು.

ನರ್ಸಬಾಯಿಯ ಬೆರಳುಗಳ ಬಗ್ಗೆಯೂ ಹೇಳಲೇಬೇಕು. ಮುಂಬೈನ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ 20 ವರ್ಷ ನಡೆಸಿದ ಅಧ್ಯಯನವೊಂದಿದೆ. ಅಲ್ಲಿಯ ಒಂದೂವರೆ ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಮಂದಿಯ ಎದೆಯನ್ನು ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷಿಸಿದರು. ಡಾಕ್ಟರುಗಳಲ್ಲ, ಯಂತ್ರಗಳಿಲ್ಲ. ಪರೀಕ್ಷೆಯಾದ ಗುಂಪಿನಲ್ಲಿ ರೋಗ ಬೇಗನೆ, ಕಡಿಮೆ ಹಂತದಲ್ಲಿ ಸಿಕ್ಕಿತು. 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಹತ್ತಿರ ಹತ್ತಿರ ಶೇಕಡಾ 30ರಷ್ಟು ಇಳಿಯಿತು. 50ರೊಳಗಿನವರಲ್ಲಿ ಸಾವು ಇಳಿದದ್ದು ಕಾಣಲಿಲ್ಲ, ಅದನ್ನೂ ಹೇಳದಿದ್ದರೆ ಮೋಸವಾಗುತ್ತದೆ. ನನಗೆ 33. ಆದರೂ ನಮ್ಮ ಅತ್ತೆ, ನಮ್ಮವ್ವ, ಓಣಿಯ ಅಷ್ಟೂ ಹಿರಿಯ ಹೆಣ್ಣುಮಕ್ಕಳನ್ನು ಆ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಮೊದಮೊದಲು ಸೆರಗು ಬಿಡಲು ಒಪ್ಪದವರೂ ನನ್ನ ಊದಿದ ಕೈ ನೋಡಿ ಸುಮ್ಮನೆ ಒಳಗೆ ಹೋದರು.

ಚಿಕಿತ್ಸೆ ಮುಗಿದು ಐದು ವರ್ಷ ದಾಟಿದೆ. ನನ್ನ ಜಾತಿಯ ಕ್ಯಾನ್ಸರ್ ಮರಳುವುದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ ಮರಳುತ್ತದೆ, ಆ ಗಡುವು ಕಳೆಯಿತು ಎಂದು ಡಾಕ್ಟರು ಹೇಳಿದ್ದಾರೆ. ವರ್ಷಕ್ಕೊಮ್ಮೆ ಎಡ ಎದೆಯ ಮ್ಯಾಮೊಗ್ರಾಂ ಮಾಡಿಸುತ್ತೇನೆ. ಮಗಳು ಶಾಲೆಗೆ ಹೋಗುತ್ತಾಳೆ, ಲೆಕ್ಕದಲ್ಲಿ ಚುರುಕು.

ಹೋದ ಮಳೆಗಾಲದಲ್ಲಿ ನಮ್ಮ ಶಾಲೆಯ ಕನ್ನಡ ಟೀಚರಿಗೆ ಹಾಲು ಕುಡಿಸುವಾಗ ಗಂಟು ಸಿಕ್ಕಿತು. ಎರಡು ವಾರ ಕಾದರು, ಕರಗಲಿಲ್ಲ. ನಾನೇ ಜೊತೆಗೆ ಹುಬ್ಬಳ್ಳಿಗೆ ಹೋದೆ. ಸೂಜಿ ಹಾಕುತ್ತಲೇ ಸಿರಿಂಜಿನ ತುಂಬ ಹಾಲು ಬಂತು, ಗಂಟು ಅಲ್ಲೇ ಇಳಿಯಿತು. ಆದರೂ ಡಾಕ್ಟರು ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ಏನೂ ಇಲ್ಲ ಎಂದು ವರದಿ ಬಂತು. ಬಾಣಂತಿಯರಲ್ಲಿ ಸೂಜಿ ಹಾಕಿ ನೋಡಿದ ಗಂಟುಗಳಲ್ಲಿ ಹೆಚ್ಚಿನವು ಹೀಗೇ ನಿರಪಾಯದವು ಎಂದು ಆ ಡಾಕ್ಟರೇ ಹೇಳಿದರು. ಆಕೆಯ ಅತ್ತೆಗೆ ಬಸ್ ಚಾರ್ಜು, ಪರೀಕ್ಷೆಯ ದುಡ್ಡು ದಂಡವಾಯಿತೆಂದು ಬೇಸರ. "ಸುಮ್ನ ರೊಕ್ಕ ಹೋತಲ್ರಿ ಟೀಚರ್ರ" ಎಂದರು. "ಹೋಗಲಿ ಬಿಡ್ರಿ ಅತ್ತಿ, ಮುಂದ ಗಂಟ ಬಂದ್ರೂ ಹಿಂಗ ಹೋಗೂಣು" ಎಂದೆ.